ಗೌಪ್ಯವೆಂದು ಬರೆದ ಲಕೋಟೆಗಳು

ಹತ್ತೊಂಬತ್ತು ವರ್ಷ ಒಂದೇ ಮಾತು ಹೇಳಿ ಸಂಬಳ ತಿಂದವಳು ನಾನು. ‘ಅದು ಗೌಪ್ಯ ಐತ್ರಿ, ಕೊಡಾಕ ಬರಂಗಿಲ್ಲ.’ ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಶವಪರೀಕ್ಷೆಯ ಕಾಗದಪತ್ರ ನೋಡಿಕೊಳ್ಳುವ ಗುಮಾಸ್ತೆ ನಾನು. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಹೆದರಿಕೆಯಿಂದಲ್ಲ. ಹೆಸರು ಬರೆದರೆ ಓದಿದವರು ‘ಓ, ಅದು ಆ ಆಸ್ಪತ್ರೆಯ ಹಣೆಬರಹ’ ಎಂದು ನಿರಾಳವಾಗಿ ಮಗ್ಗುಲು ಬದಲಿಸುತ್ತಾರೆ. ಯಾರನ್ನೂ ನಿರಾಳ ಮಾಡುವ ಇರಾದೆ ನನಗಿಲ್ಲ.

ನಮ್ಮ ವಿಭಾಗಕ್ಕೆ ಒಂದು ಸಣ್ಣ ಕಿಟಕಿ ಇದೆ. ಸಿರುಗುಪ್ಪದ ಕಡೆಯಿಂದ ಮೊದಲ ಬಸ್ಸು ಹಿಡಿದವರು, ಕುರುಗೋಡಿನಿಂದ ಟಂಟಂನಲ್ಲಿ ಇರುಕಿಕೊಂಡು ಬಂದವರು ಅಲ್ಲಿ ಬಗ್ಗಿ ನಿಲ್ಲುತ್ತಾರೆ. ಕಿಟಕಿ ಎಷ್ಟು ಕೆಳಗಿದೆ ಎಂದರೆ ನೆಟ್ಟಗೆ ನಿಂತವರ ಮುಖ ನಮಗೆ ಕಾಣುವುದಿಲ್ಲ, ಹೊಟ್ಟೆ ಮಾತ್ರ ಕಾಣುತ್ತದೆ. ಗಂಡ ಹೇಗೆ ಸತ್ತ, ಮಗಳು ಹೇಗೆ ಸತ್ತಳು ಎಂದು ಕೇಳುವುದಕ್ಕೂ ಜನ ನಮಗೆ ನಡು ಬಗ್ಗಿಸಬೇಕು. ಇದನ್ನು ಎತ್ತರಿಸಿ ಎಂದು ನಾನು ಒಂದು ದಿನವೂ ಯಾರಿಗೂ ಹೇಳಿರಲಿಲ್ಲ.

ಆದರೆ ಗೌಪ್ಯ ಎಂಬ ಮಾತನ್ನು ನಾನು ಬಾಯಿಪಾಠ ಒಪ್ಪಿಸುತ್ತಿರಲಿಲ್ಲ, ನಂಬಿ ಹೇಳುತ್ತಿದ್ದೆ. ಅದಕ್ಕೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜು ಹುಡುಗಿಯ ಶವಪರೀಕ್ಷೆಯ ವರದಿಯ ಒಂದು ಪುಟ ನಮ್ಮ ಮೇಜಿನಿಂದಲೇ ಯಾರದೋ ಫೋನಿಗೆ ಹೋಯಿತು. ಸಂಜೆಯೊಳಗೆ ಅವರ ಊರಿನ ಪ್ರತಿ ಹೋಟೆಲಿನಲ್ಲಿ ಆ ಪುಟವಿತ್ತು. ಹುಡುಗಿ ಎರಡು ತಿಂಗಳ ಬಸುರಿ ಎಂಬ ಸಾಲಿಗೆ ಯಾರೋ ಕೆಂಪು ಗೆರೆ ಹೊಡೆದಿದ್ದರು. ಆ ತಂದೆ ನಮ್ಮ ಕಿಟಕಿಗೆ ಬಂದು ಬಗ್ಗಿ, ‘ಇದನ್ನ ಯಾರು ಕೊಟ್ರವ್ವ?’ ಎಂದು ಕೇಳಿದಾಗ ನನಗೆ ಉತ್ತರ ಗೊತ್ತಿರಲಿಲ್ಲ. ವರ್ಷ ಮುಗಿಯುವ ಮುಂಚೆ ಅವರು ಊರು ಬಿಟ್ಟರು.

ಆಮೇಲೆ ನಾನೇ ಹಟ ಹಿಡಿದು ಒಂದು ಕಬ್ಬಿಣದ ಬೀರು ತರಿಸಿದೆ. ನಿಯಮ ಬರೆದೆ. ಗೌಪ್ಯ ಎಂದು ಬರೆದು ಬಂದ ಲಕೋಟೆಯನ್ನು ಆ ಪ್ರಕರಣದ ಗುಮಾಸ್ತರ ಹೊರತು ಬೇರೆ ಯಾರೂ ಒಡೆಯಬಾರದು. ಸಿಬ್ಬಂದಿಯ ನೆಂಟರ ಪ್ರಕರಣ ಬಂದರೆ ಆ ಸಿಬ್ಬಂದಿ ಅದರ ಕಾಗದ ಮುಟ್ಟಬಾರದು. ವಿಭಾಗದ ಮುಖ್ಯಸ್ಥರಾದ ಸಾಹೇಬರು ಓದಿ ಸಹಿ ಹಾಕಿದರು. ಜೊತೆಗಾರ ಗುಮಾಸ್ತ, ನನಗಿಂತ ಹತ್ತು ವರ್ಷ ಚಿಕ್ಕವನು, ‘ಅಕ್ಕಾರ, ಇನ್ನ ಇಲ್ಲಿ ಸೊಳ್ಳಿ ಒಳಗ ಬರಬೇಕಂದ್ರೂ ಅರ್ಜಿ ಹಾಕ್ಬೇಕು’ ಎಂದು ನಕ್ಕ. ನಾನು ನಗಲಿಲ್ಲ.

ನನ್ನ ತಂಗಿಯನ್ನು ದೇಶನೂರಿಗೆ ಕೊಟ್ಟಿದ್ದೆವು. ಭತ್ತದ ಸೀಮೆ, ಕಾಲುವೆ ನೀರು, ಗದ್ದೆ ಮಾಡಿಕೊಂಡಿದ್ದ ಗಂಡ, ಏಳು ವರ್ಷದ ಮಗಳು, ಜೊತೆಗೆ ಅತ್ತೆ. ಗಂಡ ಹೆಂಡತಿ ಜಗಳವಾಡುತ್ತಿದ್ದರು. ಆಡಬಾರದೇ? ನಮ್ಮ ಮನೆಯ ಹೆಣ್ಣುಮಕ್ಕಳ ಗಂಟಲು ದೊಡ್ಡದು, ಕುರುಗೋಡಿನಲ್ಲಿ ಕೂಗಿದರೆ ಗುಡ್ಡದ ಮೇಲೆ ಕುರಿ ಕಾಯುವವರು ತಿರುಗಿ ನೋಡುತ್ತಾರೆ. ಮಗಳನ್ನು ಸಿರುಗುಪ್ಪದ ಶಾಲೆಗೆ ಹಾಕಬೇಕು ಎಂದು ತಂಗಿ, ಊರ ಶಾಲೆಗೆ ಏನಾಗಿದೆ ಎಂದು ಅವನು. ಒಂದು ರಾತ್ರಿ ಊಟದ ಹೊತ್ತಿಗೆ ಆ ಮಾತು ಜೋರಾಯಿತು. ಓಣಿಯೆಲ್ಲ ಕೇಳಿತು.

ಮರುದಿನ ಬೆಳಿಗ್ಗೆ ಅವನು ಔಷಧಿ ಹೊಡೆಯುವ ಯಂತ್ರ ಬೆನ್ನಿಗೆ ಹಾಕಿಕೊಂಡು ಗದ್ದೆಗೆ ಹೋದ. ಭತ್ತ ತೆನೆ ಕಟ್ಟುವ ಕಾಲ, ಹುಳದ ಕಾಟ. ಹತ್ತು ಗಂಟೆಗೆ ಪಕ್ಕದ ಗದ್ದೆಯವರು ನೋಡಿದಾಗ ಬದುವಿನ ಮೇಲೆ ಯಂತ್ರದ ಸಮೇತ ಬೋರಲು ಬಿದ್ದಿದ್ದ. ಬಟ್ಟೆಯಿಂದ ಔಷಧಿಯ ವಾಸನೆ ಬರುತ್ತಿತ್ತು. ಔಷಧಿ ಹೊಡೆಯುವವನ ಬಟ್ಟೆಯಿಂದ ಮತ್ತೇನು ಮಲ್ಲಿಗೆ ವಾಸನೆ ಬರುತ್ತದೆಯೇ? ಆದರೆ ರಾತ್ರಿಯ ಜಗಳ, ಬೆಳಗಿನ ವಾಸನೆ, ಎರಡನ್ನೂ ಕೂಡಿಸಿ ಊರು ಲೆಕ್ಕ ಹಾಕಿತು. ಹೆಂಡತಿಯ ಬಾಯಿ ತಾಳಲಾರದೆ ಕುಡಿದುಬಿಟ್ಟ, ಪಾಪ.

ಬಳ್ಳಾರಿಗೆ ತರುವಷ್ಟರಲ್ಲಿ ಜೀವ ಹೋಗಿತ್ತು. ನಮ್ಮ ಆಸ್ಪತ್ರೆಗೇ ತಂದರು, ನಾನು ಡ್ಯೂಟಿಯಲ್ಲಿದ್ದೆ. ತಂಗಿ ನನ್ನ ಮೈಮೇಲೆ ಬಿದ್ದು ಅತ್ತಳು. ಪೊಲೀಸರು ಅಸಹಜ ಸಾವು ಎಂದು ಬರೆದುಕೊಂಡರು. ನಾನು ಎದ್ದು ಜೊತೆಗಾರನಿಗೆ ಹೇಳಿದೆ: ‘ನಮ್ಮ ಮನಿ ಕೇಸು. ನಾನು ಮುಟ್ಟಂಗಿಲ್ಲ. ಎಲ್ಲಾ ನೀನೇ ನೋಡು. ಮುಂದ ಏನಾರ ಲಕೋಟಿ ಬಂದ್ರ ನನ್ನ ಮೇಜಿಗೆ ಬರಬಾರ್ದು, ಸೀದಾ ಬೀರೂನಾಗ ಕೆಳಗಿನ ಅರ್ಯಾಗ ಇಡು.’ ಅವನು ತಲೆಯಾಡಿಸಿದ. ನನ್ನ ನಿಯಮವನ್ನು ನಾನೇ ಪಾಲಿಸಿದೆನೆಂಬ ಸಮಾಧಾನ, ಅಂಥ ಹೊತ್ತಿನಲ್ಲೂ, ಒಂದು ಚೂರು ಇತ್ತು. ಸುಳ್ಳು ಯಾಕೆ ಹೇಳಲಿ.

ಇಲ್ಲಿ ನಮ್ಮ ಕೆಲಸದ ಒಂದು ಸಂಗತಿ ಹೇಳಬೇಕು. ಸಾವಿನ ಕಾರಣ ಖಚಿತವಾಗದಿದ್ದರೆ ವೈದ್ಯರು ಹೊಟ್ಟೆಯ, ಯಕೃತ್ತಿನ ತುಣುಕುಗಳನ್ನು ಬಾಟಲಿಗಳಲ್ಲಿ ಹಾಕಿ, ಬಟ್ಟೆ ಸುತ್ತಿ, ಅರಗು ಕರಗಿಸಿ ಮೊಹರು ಒತ್ತುತ್ತಾರೆ. ಅದೇ ಮೊಹರನ್ನು ಒಂದು ಚೀಟಿಯ ಮೇಲೂ ಒತ್ತಿ ಬಾಟಲಿಗಳ ಜೊತೆ ಕಳಿಸಬೇಕು. ಅದಕ್ಕೆ ಮಾದರಿ ಮೊಹರು ಎನ್ನುತ್ತಾರೆ. ಪೊಲೀಸರು ಅವನ್ನು ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಅಲ್ಲಿಯವರು ಚೀಟಿಯ ಮೊಹರನ್ನೂ ಬಾಟಲಿಯ ಮೊಹರನ್ನೂ ತಾಳೆ ನೋಡಿ, ದಾರಿಯಲ್ಲಿ ಯಾರೂ ಒಡೆದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಬಾಟಲಿ ತೆರೆಯುವುದು. ಚೀಟಿ ಇಲ್ಲದಿದ್ದರೆ ಬಾಟಲಿ ಒಳಗೆ ಹೋಗುವುದಿಲ್ಲ. ನಮ್ಮಲ್ಲಿ ವೈದ್ಯರು ಪ್ರತಿ ಸಲ ಚೀಟಿ ಮಾಡುವ ತಾಪತ್ರಯ ಬೇಡವೆಂದು ವಾರಕ್ಕೊಮ್ಮೆ ಒಂದಿಷ್ಟು ಚೀಟಿಗಳಿಗೆ ಮೊಹರು ಒತ್ತಿ, ಸಹಿ ಹಾಕಿ ಕೊಟ್ಟುಬಿಡುತ್ತಿದ್ದರು. ಅದು ನಿಯಮವಲ್ಲ, ನಮ್ಮ ರೂಢಿ. ಚೀಟಿಗಳನ್ನು ಲಗತ್ತಿಸುವವಳು ನಾನು.

ಮಣ್ಣು ಮಾಡಿ, ದಿನ ಕಳೆದ ಮೇಲೆ ದೇಶನೂರಿನ ಮನೆಯ ಮುಂದೆ ಹಿರಿಯರು ಕೂತರು. ತಂಗಿಯ ಅತ್ತೆ ಗೋಡೆಗೆ ಒರಗಿ ಕೂತು ಒಂದೇ ಮಾತು ಹೇಳಿದಳು: ‘ನನ್ನ ಮಗನ್ನ ತಿಂದಾಕಿ ಕೈಯಾಗ ನನ್ನ ಮೊಮ್ಮಗಳ್ನ ಕೊಡಂಗಿಲ್ಲ.’ ಹಿರಿಯರೊಬ್ಬರು ಬಹಳ ಯೋಚಿಸಿದವರಂತೆ ಮೀಸೆ ತಿರುವಿ ತೀರ್ಪು ಕೊಟ್ಟರು: ‘ರಿಪೋರ್ಟ್ ಬರ್ಲಿ. ವಿಷ ಇಲ್ಲಂತ ಬಂದ್ರ ಕೂಸು ತಾಯಿ ಕೂಡ ಹೋಗ್ಲಿ. ಐತಂತ ಬಂದ್ರ ಇಲ್ಲೇ ಇರ್ಲಿ. ಅಲ್ಲೀತನ ಆಕಿ ತವರುಮನ್ಯಾಗ ಇರ್ಲಿ.’ ತಂಗಿ ಒಬ್ಬಳೇ ಕುರುಗೋಡಿಗೆ ನಮ್ಮ ತಾಯಿಯ ಮನೆಗೆ ಬಂದಳು.

ಕೋರ್ಟಿಗೆ ಹೋಗಬಹುದಿತ್ತಲ್ಲ ಎನ್ನುವವರಿಗೆ ಒಂದು ಮಾತು. ನಾನೂ ಅದನ್ನೇ ಅಂದೆ, ವಕೀಲರನ್ನೂ ನೋಡಿದೆ. ತಂಗಿ ಒಪ್ಪಲಿಲ್ಲ. ‘ಅಕ್ಕ, ಪೊಲೀಸರನ್ನ ಕರಕೊಂಡು ಹೋಗಿ ಮಗಳನ್ನ ಎತ್ಕೊಂಡು ಬಂದ್ರ, ಗಂಡ ವಿಷ ಕುಡಿಯಂಗ ಮಾಡಿದಾಕಿ ಮಗಳು ಅಂತ ಅದು ಸಾಯೋತನ ಅನಿಸ್ಕೋಬೇಕಾಗ್ತೈತಿ. ನನಗ ಕಾಗದ ಬೇಕು’ ಎಂದಳು. ಅವಳಿಗೆ ಬೇಕಾಗಿದ್ದು ಅದೊಂದೇ ಕಾಗದ. ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ದೇಶನೂರಿಗೆ ಹೋಗುತ್ತಿದ್ದಳು. ಅತ್ತೆ ಕಟ್ಟೆಯ ಮೇಲೆ ಕೂರಿಸಿ ಮಗಳನ್ನು ಪಕ್ಕದಲ್ಲಿ ಕೂರಲು ಬಿಡುತ್ತಿದ್ದಳು, ಬಸ್ಸಿನ ಹೊತ್ತಾದಾಗ ಒಳಗೆ ಕರೆಯುತ್ತಿದ್ದಳು. ಒಂದು ಸಲ ಬಂದವಳು, ‘ಕೂಸಿಂದು ಮುಂದಿನ ಹಲ್ಲು ಬಿದ್ದೈತಿ, ನನಗ ಗೊತ್ತೇ ಇಲ್ಲ’ ಎಂದಳು.

ನನಗೆ ಇನ್ನೊಂದು ಭಯವಿತ್ತು, ಅದನ್ನು ಅವಳಿಗೆ ಹೇಳಿರಲಿಲ್ಲ. ಬೆಳಗಿನಿಂದ ಔಷಧಿ ಹೊಡೆದವನ ಮೈಯೊಳಗೆ ಔಷಧಿಯ ಅಂಶ ಸಿಕ್ಕರೂ ಸಿಗಬಹುದು. ಸಿಕ್ಕಿತು ಎಂದು ಒಂದು ಸಾಲು ಬಂದರೆ ಊರು ಕುಡಿದ ಎಂದೇ ಓದುತ್ತದೆ. ಉಸಿರಿನಿಂದ ಹೋಯಿತೋ ಬಾಯಿಂದ ಹೋಯಿತೋ ಎಂದು ಕಟ್ಟೆಯ ಮೇಲೆ ಕೂತವರು ಕೇಳುವುದಿಲ್ಲ.

ಮೂರು ತಿಂಗಳು ಕಳೆದವು. ತಂಗಿ ನಮ್ಮ ಕಿಟಕಿಗೆ ಬಂದಳು. ನಾನು ಎದ್ದು ಒಳಗಿನ ಕೋಣೆಗೆ ಹೋದೆ, ನಿಯಮ. ಅಲ್ಲಿಂದ ಜೊತೆಗಾರನ ದನಿ ಕೇಳುತ್ತಿತ್ತು: ‘ಲ್ಯಾಬ್‌ನಿಂದ ಬಂದಿಲ್ರಿ. ಬಂದ್ರೂ ಪೊಲೀಸರಿಗೆ ಕೊಡ್ತೀವಿ, ನಿಮಗಲ್ಲ. ಅದು ಗೌಪ್ಯ ಐತ್ರಿ, ಕೊಡಾಕ ಬರಂಗಿಲ್ಲ.’ ನನ್ನದೇ ಮಾತು, ನನ್ನದೇ ರಾಗ. ಕಲಿಸಿದವಳು ನಾನೇ. ಒಳಗೆ ನಿಂತು ಅದನ್ನು ಕೇಳುವಾಗ ಮೊದಲ ಸಲ ನನಗೆ ಆ ಮಾತಿನ ಮೇಲೆ ಅಸಹ್ಯ ಬಂತು. ಹೊರಗೆ ಬಂದು ನೋಡುವಷ್ಟರಲ್ಲಿ ತಂಗಿ ಹೋಗಿದ್ದಳು.

ಆಮೇಲೆ ಅವಳು ಠಾಣೆಗೆ ಅಲೆದಳು. ನದಿ ಕಡೆಯ ಒಂದು ಠಾಣೆ ಎಂದಿಟ್ಟುಕೊಳ್ಳಿ. ಅಲ್ಲಿಯ ಹೆಡ್ ಕಾನ್‌ಸ್ಟೆಬಲ್ ಕೆಟ್ಟವರಲ್ಲ, ಕೂರಿಸಿ ಚಹಾ ಕೊಡುತ್ತಿದ್ದರು. ‘ಏಮಮ್ಮಾ, ಮತ್ತ ಬಂದಿ? ತನಿಖಿ ನಡದೈತಿ. ತನಿಖಿ ಮಾತು ಹೊರಗ ಹೇಳಾಕ ಬರ್ತೈತೇನು? ಕಾಯಬೇಕವ್ವ.’ ಆರು ತಿಂಗಳಾಯಿತು. ಅಷ್ಟು ಕಾಲ ಕಾದವಳಿಗೆ ಕಾಯುವುದನ್ನು ಹೇಳಿಕೊಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಒಂದು ಭಾನುವಾರ ಸತ್ಯನಾರಾಯಣಪೇಟೆಯ ನನ್ನ ಬಾಡಿಗೆ ಮನೆಯಲ್ಲಿ ಇಬ್ಬರೂ ಕೂತು ಮಾಹಿತಿ ಹಕ್ಕಿನ ಅರ್ಜಿ ಬರೆದೆವು. ವರದಿಯ ಪ್ರತಿ ಕೊಡಿ ಎಂದು ಪೊಲೀಸರಿಗೆ. ತಂಗಿ ಸಹಿ ಹಾಕಿದಳು. ತಿಂಗಳಿಗೆ ಉತ್ತರ ಬಂತು: ಪ್ರಕರಣ ತನಿಖೆಯ ಹಂತದಲ್ಲಿದ್ದು, ಮಾಹಿತಿ ನೀಡಿದಲ್ಲಿ ತನಿಖೆಗೆ ಅಡ್ಡಿಯಾಗುವುದರಿಂದ ನೀಡಲು ಬರುವುದಿಲ್ಲ. ಕಾಯ್ದೆಯ ಕಲಮನ್ನೂ ನಮೂದಿಸಿದ್ದರು. ತಂಗಿ ಅದನ್ನು ನಾಲ್ಕು ಸಲ ಓದಿ ಕೇಳಿದಳು: ‘ನಾನು ತಿಳಕೊಂಡ್ರ ಅಡ್ಡಿ ಯಾರಿಗಾಕ್ಕೈತಿ?’

ಆ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ. ತನಿಖೆಯ ಗುಟ್ಟು ಕಾಯಬೇಕು, ಒಪ್ಪಿದೆ. ಕೊಲೆ ಮಾಡಿದವನಿಗೆ ನಾವು ಏನು ಹುಡುಕುತ್ತಿದ್ದೇವೆ ಎಂದು ಗೊತ್ತಾಗಬಾರದು. ಸತ್ತವರ ಮೈ ಊರ ಮಂದಿಯ ಬಾಯಿಗೆ ಬೀಳಬಾರದು. ಆದರೆ ಇಲ್ಲಿ ಯಾರಿಂದ ಯಾರನ್ನು ಕಾಯುತ್ತಿದ್ದಾರೆ? ಊರು ತೀರ್ಪು ಕೊಟ್ಟಾಗಿದೆ, ಕೂಸು ತಾಯಿಯಿಂದ ದೂರವಾಗಿದೆ, ಗೊತ್ತಿಲ್ಲದಿರುವುದು ಗೊತ್ತಿರಬೇಕಾದವಳಿಗೆ ಮಾತ್ರ. ಇದು ಗೌಪ್ಯವಲ್ಲ, ಇದು ಸೋಮಾರಿತನಕ್ಕೆ ಹೊದಿಸಿದ ಶಾಲು ಎಂದು ನನಗೆ ಅನಿಸತೊಡಗಿತು. ಹಾಗಿದ್ದರೆ ಶಾಲನ್ನು ಎಳೆಯುವುದು ಹೇಗೆಂದು ಗೊತ್ತಿರುವವಳು ಈ ಜಿಲ್ಲೆಯಲ್ಲಿ ನನಗಿಂತ ಬೇರೆ ಯಾರಿದ್ದಾರೆ?

ಮೇಲ್ಮನವಿ ಬರೆಯುವಾಗ ವರದಿ ಕೇಳುವುದನ್ನು ಬಿಟ್ಟೆ. ಎರಡೇ ಪ್ರಶ್ನೆ ಉಳಿಸಿದೆ. ಬಾಟಲಿಗಳನ್ನು ಪ್ರಯೋಗಾಲಯಕ್ಕೆ ಯಾವ ತಾರೀಖಿಗೆ ಕಳಿಸಿದಿರಿ? ತಲುಪಿದ್ದಕ್ಕೆ ಅವರು ಕೊಟ್ಟ ರಸೀದಿಯ ಸಂಖ್ಯೆ ಏನು? ವಿಚಾರಣೆಯ ದಿನ ರಜೆ ಹಾಕಿ ತಂಗಿಯ ಪಕ್ಕ ಕೂತೆ. ಮೇಲ್ಮನವಿ ಕೇಳುವ ಪೊಲೀಸ್ ಅಧಿಕಾರಿ ಕನ್ನಡಕ ಏರಿಸಿ, ‘ನೀವು ಯಾರ್ರಿ ಇವ್ರಿಗೆ?’ ಎಂದರು.

‘ಅಕ್ಕ ಸರ್.’

‘ತನಿಖಾ ನಡೀಯಾಕತ್ತೈತಿ. ಇದನ್ನೆಲ್ಲ ಹೊರಗ ಕೊಡಾಕ ಬರಂಗಿಲ್ಲಮ್ಮ.’

‘ಬಾಟ್ಲಿಯೊಳಗ ಏನೈತಿ ಅಂತ ನಾವು ಕೇಳಿಲ್ಲ ಸರ್. ಬಾಟ್ಲಿ ಯಾವತ್ತು ಠಾಣೆ ಬಿಡ್ತು ಅಂತ ಕೇಳೀವಿ. ತಾರೀಖು ಹೇಳಿದ್ರ ಯಾವ ಕಳ್ಳ ಓಡಿ ಹೋಗ್ತಾನ್ರಿ?’

ಅವರು ಮತ್ತೊಮ್ಮೆ ಅರ್ಜಿ ಓದಿದರು. ಎದುರು ಕೂತಿದ್ದ ಠಾಣೆಯ ಸಿಬ್ಬಂದಿಯನ್ನು ನೋಡಿದರು. ಸಿಬ್ಬಂದಿ ಕಡತ ನೋಡಿದರು. ‘ತಾರೀಖು ಕೊಡ್ರಿ ಇವ್ರಿಗೆ’ ಎಂದು ಆದೇಶವಾಯಿತು. ಹೊರಗೆ ಬಂದು ತಂಗಿಯೂ ನಾನೂ ಮಿರ್ಚಿ ಮಂಡಕ್ಕಿ ತಿಂದೆವು. ಗೆದ್ದೆವೆಂದು ನಾನು ಒಂದು ಮಿರ್ಚಿ ಹೆಚ್ಚೇ ತಿಂದೆ.

ಉತ್ತರ ಬಂದದ್ದು ಹದಿನೈದು ದಿನಕ್ಕೆ. ತಂಗಿ ಕುರುಗೋಡಿನಿಂದ ಫೋನ್ ಮಾಡಿ ಓದಿದಳು, ಒಂದೊಂದೇ ಶಬ್ದ. ಸದರಿ ಬಾಟಲಿಗಳನ್ನು ಇಲ್ಲಿಯವರೆಗೆ ಪ್ರಯೋಗಾಲಯಕ್ಕೆ ಕಳುಹಿಸಿರುವುದಿಲ್ಲ. ಆಸ್ಪತ್ರೆಯಿಂದ ಮಾದರಿ ಮೊಹರು ಸ್ವೀಕೃತವಾಗಿರುವುದಿಲ್ಲ. ಈ ಕುರಿತು ಆಸ್ಪತ್ರೆಗೆ ಎರಡು ಬಾರಿ ಗೌಪ್ಯ ಪತ್ರ ಬರೆಯಲಾಗಿದ್ದು, ಉತ್ತರ ಬಂದಿರುವುದಿಲ್ಲ.

ಫೋನು ಹಿಡಿದುಕೊಂಡೇ ನಾನು ಬೀರಿನ ಕಡೆ ತಿರುಗಿದೆ. ಜೊತೆಗಾರ ಚಹಾ ಕುಡಿಯುತ್ತಿದ್ದ. ‘ಕೆಳಗಿನ ಅರೆ ತಗಿ’ ಎಂದೆ. ಅವನು, ‘ಅಕ್ಕಾರ, ಅದು ನಿಮ್ಮ ಮನಿ ಕೇಸಿಂದು, ನೀವು...’ ಎಂದ. ‘ತಗಿ’ ಎಂದೆ. ಎರಡು ಲಕೋಟೆಗಳಿದ್ದವು. ಮೇಲೆ ಕೆಂಪು ಅಕ್ಷರದಲ್ಲಿ ಗೌಪ್ಯ ಎಂದಿತ್ತು. ಎರಡೂ ಒಡೆದಿರಲಿಲ್ಲ. ಸೀದಾ ಬೀರಿನಲ್ಲಿಡು ಎಂದು ನಾನು ಹೇಳಿದ್ದೆ, ಅವನು ಒಡೆಯದೆ ಹಾಗೇ ಇಟ್ಟಿದ್ದ. ಬಂದರೆ ಗುಮಾಸ್ತರು ತಂದುಕೊಡುತ್ತಾರೆ ಎಂದು ವೈದ್ಯರು ಅಂದುಕೊಂಡಿದ್ದರು. ಬೇಕಾದರೆ ವೈದ್ಯರೇ ಕೇಳುತ್ತಾರೆ ಎಂದು ಅವನು ಅಂದುಕೊಂಡಿದ್ದ.

ಚೀಟಿ ಎಲ್ಲಿತ್ತು? ನನ್ನ ಡ್ರಾಯರಿನಲ್ಲಿ. ಅದರ ಕೀಲಿ ನನ್ನ ಸೊಂಟದಲ್ಲಿ. ಆ ದಿನ ಕೇಸು ಮುಟ್ಟುವುದಿಲ್ಲ ಎಂದು ದೊಡ್ಡದಾಗಿ ಎದ್ದು ಹೋದವಳು ಕೀಲಿಯನ್ನೂ ತೆಗೆದುಕೊಂಡು ಹೋಗಿದ್ದೆ. ಜೊತೆಗಾರ ಬಾಟಲಿಗಳನ್ನು ಚೀಟಿ ಇಲ್ಲದೆ ಪೊಲೀಸರಿಗೆ ಒಪ್ಪಿಸಿದ್ದ, ಆಮೇಲೆ ಅಕ್ಕ ಕಳಿಸಿರುತ್ತಾಳೆ ಎಂದು ಮರೆತಿದ್ದ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದು ಬೇರೆ ಯಾರೂ ಅಲ್ಲ, ನಾನೇ. ಎಂಟು ತಿಂಗಳು ನನ್ನ ತಂಗಿಯ ಮಗಳನ್ನು ದೇಶನೂರಿನಲ್ಲಿ ಹಿಡಿದಿಟ್ಟದ್ದು ನನ್ನ ಪ್ರಾಮಾಣಿಕತೆ. ನನ್ನ ಕುರ್ಚಿಯಲ್ಲಿ ಕೂತು ನಾನು ಅತ್ತುಬಿಟ್ಟೆ. ಜೊತೆಗಾರ ಎದ್ದು ಕಿಟಕಿಯ ಬಾಗಿಲು ಮುಚ್ಚಿದ.

ಸಾಹೇಬರಿಗೆ ವಿಷಯ ಹೇಳಿದೆ. ಅವರು ಮೊದಲು ಬಾಗಿಲು ಹಾಕಿಸಿದರು, ಆಮೇಲೆ ನೀರು ಕುಡಿದರು, ಆಮೇಲೆ ಉಪಾಯ ಹೇಳಿದರು. ಇವತ್ತೇ ಚೀಟಿ ಕಳಿಸಿಬಿಡಿ, ಹಿಂದಿನ ಪತ್ರಗಳ ಮಾತು ಬೇಡ, ಯಾರಾದರೂ ಕೇಳಿದರೆ ಆಂತರಿಕ ವಿಷಯ, ಗೌಪ್ಯ ಎನ್ನಿ. ‘ನಿಮ್ಮನ್ನ ಉಳಸಾಕ ಹೇಳಾಕತ್ತೀನಿ. ಒಂಬತ್ತು ವರ್ಷ ಸರ್ವೀಸು ಉಳದೈತಿ ನಿಮ್ದು.’ ಅವರ ದನಿಯಲ್ಲಿ ಕಾಳಜಿ ಇತ್ತು, ಅದು ನಿಜ. ಒಂದು ತಪ್ಪನ್ನು ಒಳ್ಳೆಯ ಮನಸ್ಸಿನಿಂದಲೇ ಮುಚ್ಚುವುದು ಹೇಗೆಂದು ನಮ್ಮ ಕಚೇರಿಗಳಿಗೆ ಯಾರೂ ಕಲಿಸಬೇಕಾಗಿಲ್ಲ.

‘ಅವತ್ತಿನ ಆ ಕಾಲೇಜು ಹುಡುಗಿ ಬಸುರೂ ಗೌಪ್ಯ, ನನ್ನ ತಪ್ಪೂ ಗೌಪ್ಯ. ಎಲ್ಲಾ ಒಂದೇ ಬೀರೂನಾಗ ಇಡೋದೇನ್ರಿ ಸರ್?’ ಎಂದು ಕೇಳಿದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಮೇಜಿಗೆ ಬಂದು ಕೈಬರಹದಲ್ಲೇ ಬರೆದೆ: ಮಾದರಿ ಮೊಹರಿನ ಚೀಟಿ ನನ್ನ ಡ್ರಾಯರಿನಲ್ಲಿ ಉಳಿದಿತ್ತು, ಠಾಣೆಯ ಎರಡೂ ಪತ್ರಗಳು ಒಡೆಯದೆ ನಮ್ಮ ಬೀರಿನಲ್ಲಿದ್ದವು, ತಡ ನಮ್ಮದು. ಕೆಳಗೆ ಹೆಸರು, ಹುದ್ದೆ, ಸಹಿ. ಒಂದು ಪ್ರತಿ ಠಾಣೆಗೆ, ಒಂದು ಪ್ರತಿ ನಮ್ಮ ಕಡತಕ್ಕೆ, ಒಂದು ಪ್ರತಿ ಅರ್ಜಿದಾರಳಿಗೆ, ಎಂದರೆ ನನ್ನ ತಂಗಿಗೆ. ಡ್ರಾಯರಿನಲ್ಲಿ ಹಳೆಯದಾಗಿದ್ದ ಚೀಟಿಯನ್ನು ವೈದ್ಯರು ಬಳಸಲಿಲ್ಲ. ಬಾಟಲಿಯ ಮೇಲೆ ಒತ್ತಿದ್ದ ಅದೇ ಮೊಹರನ್ನು ತೆಗೆದು ನನ್ನ ಎದುರಿಗೇ ಹೊಸದಾಗಿ ಒತ್ತಿ, ಯಾಕೆ ತಡವಾಯಿತೆಂದು ಅದರ ಜೊತೆ ಬರೆದು ಕೊಟ್ಟರು. ನನಗೆ ಮರುವಾರ ನೋಟಿಸು ಬಂತು. ಅದಕ್ಕೂ ಅದನ್ನೇ ಬರೆದು ಉತ್ತರ ಕೊಟ್ಟೆ, ಒಂದಕ್ಷರ ಬದಲಿಸಲಿಲ್ಲ. ಅದರ ವಿಚಾರಣೆ ಈಗಲೂ ನಡೆದಿದೆ.

ತಂಗಿಗೆ ಹೇಳುವುದು ನೋಟಿಸಿಗಿಂತ ಕಷ್ಟವಾಯಿತು. ಕುರುಗೋಡಿಗೆ ಹೋಗಿ ಅವಳ ಕೈಗೆ ಆ ಪ್ರತಿ ಕೊಟ್ಟೆ. ಓದಿದಳು. ಮಡಚಿದಳು, ಮತ್ತೆ ಬಿಚ್ಚಿ ಓದಿದಳು. ಕೊನೆಗೆ, ‘ಬ್ಯಾರೆಯವರು ಮಾಡಿದ್ರ ಬೈತಿದ್ದೆ ಅಕ್ಕ’ ಎಂದಳು. ಎರಡು ವಾರ ನನ್ನ ಫೋನು ಎತ್ತಲಿಲ್ಲ. ಎತ್ತಬೇಕೆಂದು ಕೇಳುವ ಮುಖ ನನಗೂ ಇರಲಿಲ್ಲ.

ವರದಿ ಬಂದದ್ದು ಮುಂದಿನ ಮಳೆಗಾಲದ ಹೊತ್ತಿಗೆ. ವೈದ್ಯರು ಅಂತಿಮ ಅಭಿಪ್ರಾಯ ಬರೆದರು, ಪೊಲೀಸರು ಪ್ರಕರಣ ಮುಗಿಸಿ ವಾರಸುದಾರಳೆಂದು ತಂಗಿಗೆ ಪ್ರತಿ ಕೊಟ್ಟರು. ಈ ಸಲ ಯಾರೂ ಗೌಪ್ಯ ಎನ್ನಲಿಲ್ಲ. ಅದನ್ನು ಅವಳು ಒಬ್ಬಳೇ ಓದಿಕೊಂಡಳು. ಆಮೇಲೆ ನನಗೆ ಫೋನ್ ಮಾಡಿ, ‘ನಾಳೆ ದೇಶನೂರಿಗೆ ಹೋಗಬೇಕು, ಬಾ’ ಎಂದಳು. ಏನಿದೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ದೇಶನೂರಿನಲ್ಲಿ ಹಿರಿಯರು ಆಗಲೇ ಕೂತಿದ್ದರು. ಸುದ್ದಿ ಯಾರು ಮುಟ್ಟಿಸಿದರೋ, ಓಣಿಯೂ ಸೇರಿತ್ತು. ಅತ್ತೆ ಅದೇ ಗೋಡೆಗೆ ಒರಗಿದ್ದಳು, ಕೂಸು ಅವಳ ಸೆರಗು ಹಿಡಿದು ನಿಂತಿತ್ತು. ತಂಗಿ ನಿಂತುಕೊಂಡೇ ಕಾಗದ ಬಿಚ್ಚಿ ಕೊನೆಯ ಸಾಲು ಓದಿದಳು. ಯಾವುದೇ ವಿಷದ ಅಂಶ ಪತ್ತೆಯಾಗಿರುವುದಿಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡಿದ್ದರಿಂದ ಸಾವು ಸಂಭವಿಸಿದೆ. ನಮ್ಮ ಮನೆಯ ಗಂಟಲು, ಓಣಿಯ ತುದಿಗೂ ಕೇಳಿತು. ಓದಿ ಮಡಚಿದಳು.

ಮೀಸೆಯ ಹಿರಿಯರು ತೃಪ್ತರಾಗಲಿಲ್ಲ. ‘ತಿಂಗಳಗಟ್ಲೆ ಠಾಣೇದಾಗ ಇಟ್ಟ ಬಾಟ್ಲಿ ಅಂತ ಕೇಳೀವಿ. ಅದ್ರಾಗ ವಿಷ ಆರಿಹೋಗಿರಬೇಕು. ಪೂರಾ ಓದವ್ವ. ಏನೇನು ಬರ್ದಾರ ನೋಡೂಣು’ ಎಂದರು. ಆ ತಡ ನನ್ನದು, ಆ ಅನುಮಾನ ನಾನು ಕೊಟ್ಟ ಉಡುಗೊರೆ. ‘ತಡ ನಂದ್ರಿ. ಬರಕೊಟ್ಟೀನಿ, ಅದನ್ನ ಬೇಕಾದ್ರ ಓದ್ರಿ. ಆದ್ರ ಹೃದಯ ಕಟ್ಟಿದ್ದನ್ನ ಡಾಕ್ಟರು ಶವಪರೀಕ್ಷಿ ದಿನಾನೇ ಕಣ್ಣಾರೆ ನೋಡಿ ಬರ್ದಿಡ್ತಾರ, ಅದು ಬಾಟ್ಲ್ಯಾಗ ಇಟ್ಟಿದ್ದಲ್ಲ’ ಎಂದೆ. ಅಷ್ಟರಲ್ಲಿ ಹಿಂದೆ ನಿಂತಿದ್ದವನೊಬ್ಬ ಕಾಗದದ ಮೇಲೆ ಫೋನು ಚಾಚಿದ. ‘ಒಂದು ಫೋಟೋ ಹೊಡಕೊಂತೀನಿ ಅಕ್ಕಾರ, ಗ್ರೂಪಿಗೆ ಹಾಕಿದ್ರ ಎಲ್ಲಾರಿಗೂ ಗೊತ್ತಾಕ್ಕೈತಿ. ನಿಮಗೇ ಚೊಲೊ.’

ತಂಗಿ ಕಾಗದವನ್ನು ರವಿಕೆಯೊಳಗೆ ಇಟ್ಟುಕೊಂಡಳು. ‘ವಿಷ ಐತೋ ಇಲ್ಲೋ ಅಂತ ನೀವು ಕೇಳಿದ್ರಿ, ಹೇಳೀನಿ. ಕೊನೀ ಸಾಲು ನಿಮ್ದು. ಉಳದದ್ದು ನನ್ನ ಗಂಡನ ಮೈ. ಅದನ್ನ ಯಾರೂ ನೋಡಂಗಿಲ್ಲ.’

ಫೋನು ಹಿಂದೆ ಸರಿಯಿತು. ಈ ವರ್ಷವಿಡೀ ಒಂದು ಕಾಗದ ಕೊಡಿ ಎಂದು ಊರೂರು ತಿರುಗಿದವಳು, ಕೈಗೆ ಬಂದ ಮೇಲೆ ಅದನ್ನು ಕೊಡುವುದಿಲ್ಲ ಎನ್ನುತ್ತಿದ್ದಳು. ಹಿರಿಯರಿಗೆ ಇದು ಮೋಸದಂತೆ ಕಂಡಿತು. ನನಗೆ ಹಾಗನಿಸಲಿಲ್ಲ. ಗುಟ್ಟು ಎಂದರೇನು, ಅದು ಯಾರ ಸೊತ್ತು ಎಂದು ಹತ್ತೊಂಬತ್ತು ವರ್ಷ ನಿಯಮ ಬರೆದ ನನಗೆ ತಿಳಿಯದ್ದು ಅವಳಿಗೆ ತಿಳಿದಿತ್ತು. ನನಗೆ ಹೆಮ್ಮೆಯಾಯಿತು, ನಾಚಿಕೆಯೂ ಆಯಿತು.

ಆಗ ಅತ್ತೆ ಗೋಡೆ ಹಿಡಿದು ಎದ್ದಳು. ‘ನನಗೂ ಇಲ್ಲೇನು?’ ಎಂದು ಕೇಳಿದಳು. ‘ಹೆತ್ತಾಕಿ ನಾನು.’

ತಂಗಿ ಅವಳನ್ನು ನೋಡಿದಳು. ಮಗನನ್ನು ತಿಂದಾಕಿ ಎಂದ ಬಾಯಿ ಅದು. ಮಗಳನ್ನು ಕಟ್ಟೆಯಿಂದ ಒಳಗೆ ಕರೆದ ಕೈ ಅದು. ‘ನಿಮಗ ಐತಿ ಅತ್ತಿ. ಒಳಗ ಬರ್ರಿ’ ಎಂದಳು. ಇಬ್ಬರೂ ಒಳಗೆ ಹೋದರು, ಕೂಸೂ ಹಿಂದೆ ಹೋಯಿತು, ಬಾಗಿಲು ಹಾಕಿಕೊಂಡಿತು. ಹಿರಿಯರು ಗೊಣಗಿದರು: ‘ಒಳಗೊಳಗ ಏನು ಓದ್ತಾರ? ಪಂಚಾಯ್ತಿ ಮಾಡಿದವರು ನಾವು, ನಮಗೆ ಹಕ್ಕಿಲ್ಲೇನು?’ ಒಬ್ಬರು ಬಾಗಿಲ ಕಡೆ ಹೆಜ್ಜೆ ಹಾಕಿದರು. ನಾನು ಹೋಗಿ ಹೊಸ್ತಿಲ ಮೇಲೆ ಕಾಲು ಚಾಚಿ ಕೂತೆ. ದಾಟಿ ಹೋಗುತ್ತೀರಾದರೆ ಹೋಗಿ ಎಂಬಂತೆ ಕೂತೆ. ಯಾರೂ ದಾಟಲಿಲ್ಲ.

ಒಳಗಿನಿಂದ ತಂಗಿಯ ದನಿ ಸಣ್ಣಗೆ ಬರುತ್ತಿತ್ತು. ಅವಳ ದನಿ ಅಷ್ಟು ಸಣ್ಣದಾಗುವುದು ನಾನು ಕೇಳಿರಲಿಲ್ಲ. ನಡುವೆ ಒಮ್ಮೆ ಅತ್ತೆ ಅತ್ತಳು. ಆಮೇಲೆ ಅತ್ತೆಯೇ ಏನೋ ಹೇಳಿದಳು, ಬಹಳ ಹೊತ್ತು ಹೇಳಿದಳು. ಏನೆಂದು ತಂಗಿ ನನಗೆ ಈ ದಿನದವರೆಗೂ ಹೇಳಿಲ್ಲ. ಅದು ಅವರಿಬ್ಬರದು.

ಬಾಗಿಲು ತೆರೆದಾಗ ಮುಂದೆ ಬಂದದ್ದು ಅತ್ತೆ. ಒಂದು ಕೈಯಲ್ಲಿ ಕೂಸಿನ ಶಾಲೆಯ ಚೀಲ, ಇನ್ನೊಂದರಲ್ಲಿ ಬಟ್ಟೆಯ ಗಂಟು. ನಾನು ಹೊಸ್ತಿಲಿನಿಂದ ಎದ್ದೆ. ಮೀಸೆಯ ಹಿರಿಯರು ಬಾಯಿ ತೆರೆದರು. ಅವರು ಮಾತಾಡುವ ಮುಂಚೆ ಅತ್ತೆ ಹೇಳಿದಳು: ‘ಕೂಸು ತಾಯಿ ಕೂಡ ಹೊಂಟೈತಿ. ದಾರಿ ಬಿಡ್ರಿ.’